ಬಸರಾದಿಂದ ಹಟ್ಟಿಗೆ, ಎತ್ತಿನ ನಡಿಗೆಯಲ್ಲಿ

ನಮ್ಮ ತಳಕಿನ ಮನೆಯಲ್ಲಿ ಎತ್ತುಗಳಿರಲಿಲ್ಲ. ಅಪ್ಪ ಸೂರಪ್ಪನದು ಎಣ್ಣೆ, ಬೆಲ್ಲ, ಹೊಗೆಸೊಪ್ಪಿನ ಸಣ್ಣ ಅಂಗಡಿ. ಇದ್ದ ತುಂಡು ಹೊಲವನ್ನು ಬೇರೆಯವರಿಗೆ ಕೋರಿಗೆ, ಬೆಳೆಯ ಪಾಲಿಗೆ, ಕೊಟ್ಟಿದ್ದೆವು. ಆದರೂ ದಿನಾ ದೀಪ ಹಚ್ಚುವ ಹೊತ್ತಿಗೆ ಅವ್ವ ಹಿತ್ತಲ ಬಾಗಿಲು ತೆಗೆದು, ಒಂದು ಹಿಡಿ ಜೋಳದ ಸೊಪ್ಪೆಯನ್ನು ಹೊಸ್ತಿಲಾಚೆ ಇಟ್ಟು, ಸ್ವಲ್ಪ ಹೊತ್ತು ಆಚೆ ನೋಡಿ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಯಾರಿಗೆ ಎಂದರೆ "ಎತ್ತಿಗೆ" ಎನ್ನುತ್ತಿದ್ದಳು. ಯಾವ ಎತ್ತು ಎಂದರೆ ಬೆನ್ನಿಗೊಂದು ಗುದ್ದು ಬೀಳುತ್ತಿತ್ತು.

ಬೇಸಿಗೆಯಲ್ಲಿ ಸಿದ್ದಾಪುರದ ಪಕ್ಕದ ಹಟ್ಟಿಗೆ ಹೋದರೆ ಅಲ್ಲಿಯೂ ಇದೇ ಕಥೆ. ಅಲ್ಲಿ ಬೋರಕ್ಕಜ್ಜಿ ಕಲ್ಲಿನ ಬಾನಿಯೊಂದಕ್ಕೆ ನೀರು ತುಂಬಿ, ಹಟ್ಟಿಯ ದನ ಅದಕ್ಕೆ ಬಾಯಿ ಹಾಕದಂತೆ ಕೋಲು ಹಿಡಿದು ಕೂರುತ್ತಿದ್ದಳು. ಬಾನಿ ಚಿಕ್ಕದು, ಒಂದೇ ಎತ್ತಿಗೆ ಆಗುವಷ್ಟು. ಹಾಗಾಗಿ ಎಲ್ಲರ ಮನೆಯಲ್ಲೂ ಕಣ್ಣಿಗೆ ಕಾಣದ ಎತ್ತೊಂದು ಇರುತ್ತದೆ ಎಂದೇ ನಾನು ನಂಬಿದ್ದೆ. ಶಾಲೆಯಲ್ಲಿ ಪಕ್ಕದ ಹುಡುಗಿಗೆ "ನಿಮ್ಮೆತ್ತು ಯಾವ ಬಣ್ಣ?" ಎಂದು ಕೇಳಿ ನಗೆಪಾಟಲಾದ ಮೇಲೆಯೇ ಈ ರೋಗ ನಮ್ಮೆರಡು ಮನೆಗಳಿಗೆ ಮಾತ್ರ ಎಂದು ತಿಳಿದದ್ದು.

ಬೋರಕ್ಕಜ್ಜಿ ನನಗೆ ರಕ್ತಸಂಬಂಧದಲ್ಲಿ ಏನೂ ಆಗಬೇಕಿಲ್ಲ. ಅವಳು ನನ್ನವ್ವ ಹೊನ್ನಕ್ಕನ ಮೊದಲ ಗಂಡನ ತಾಯಿ. ಆ ಗಂಡ ಸತ್ತ ಮೇಲೆ ಅವ್ವ ಸೀರುಡಿಕೆಯಾಗಿ, ಅಂದರೆ ಗಂಡ ಸತ್ತವಳಿಗೆ ಸೀರೆ ಕೊಟ್ಟು ಮನೆ ತುಂಬಿಸಿಕೊಳ್ಳುವ ಎರಡನೇ ಮದುವೆಯಾಗಿ, ತಳಕಿಗೆ ಬಂದಳು. ನಾನು ಹುಟ್ಟಿದ್ದು ಆಮೇಲೆ. ಬೇರೆ ಮುದುಕಿಯಾಗಿದ್ದರೆ ಬಿಟ್ಟುಹೋದ ಸೊಸೆಯ ಹೆಸರೆತ್ತಿದರೆ ನೆಟಿಗೆ ಮುರಿಯುತ್ತಿದ್ದಳು. ಈಕೆ ನನಗೆ ಕೆನೆಮೊಸರು ತಿನ್ನಿಸಿ, ತಲೆಗೆ ಹರಳೆಣ್ಣೆ ಮೆತ್ತಿ, ಮಗನ ಕಥೆ ಹೇಳುತ್ತಿದ್ದಳು. ನಾನು ಬರೆಯಹೊರಟಿರುವುದು ಅವಳ ವಿಷಯ. ಮಗನ ವಿಷಯವೂ ಬಂದೇ ಬರುತ್ತದೆ, ಏಕೆಂದರೆ ಅವನು ಸತ್ತ ಮೇಲೆಯೂ ಆ ಮನೆಯನ್ನು ಬಿಟ್ಟವನಲ್ಲ.

ಬೋರಕ್ಕ ಗಿಡ್ಡ ಹೆಂಗಸು, ಮಾತು ಮಾತ್ರ ಉದ್ದ. ಗಂಡ ಬೇಗ ತೀರಿಕೊಂಡಿದ್ದ. ಹಟ್ಟಿಯ ಯಜಮಾನರ ಎದುರು ಗಂಡಸರೇ ಉಸಿರು ಬಿಡದ ಕಡೆ ಈಕೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು. ದನ ಕರೆಯುವುದು ಮಾತ್ರ ತೆಲುಗಿನಲ್ಲಿ: "ರಾ ನಾಯ್ನಾ, ರಾ," ಬಾ ನನ್ನಪ್ಪ, ಬಾ ಎಂದು. ಆ ಕಡೆಯ ಹಟ್ಟಿಗಳಲ್ಲಿ ಮನುಷ್ಯರನ್ನು ಕನ್ನಡದಲ್ಲಿ ಬೈದು ದನಗಳನ್ನು ತೆಲುಗಿನಲ್ಲಿ ಮುದ್ದಿಸುವುದೇ ರೂಢಿ. ಒಬ್ಬನೇ ಮಗ ಕ್ಯಾತಣ್ಣ. ಅವನಿಗೆ ಎರಡು ಎತ್ತು: ಬೂದು ಬಣ್ಣದ ದೊಡ್ಡದು ಮೈಲ, ಕೆಂಪಗಿನ ಸಣ್ಣದು ಕೆಂದ. ಕೆಂದ ಕರುವಾಗಿದ್ದಾಗ ಜಟಿಂಗ ರಾಮೇಶ್ವರನ ಬೆಟ್ಟದ ಬುಡದಲ್ಲಿ ಬೆದರಿ ಇವನ ಬಲಗಾಲು ತುಳಿದು, ಕಿರುಬೆರಳು ಕಿತ್ತೇಹೋಗಿತ್ತು. ಅಂದಿನಿಂದ ಕ್ಯಾತಣ್ಣ ಬಲಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದ. ಕೆಂದನ ಮೇಲೆ ಸಿಟ್ಟು ಮಾಡಿಕೊಂಡನೇ? ಇಲ್ಲ. "ಎಳೇ ಕೂಸು, ಅಂಜಿಕೊಂತು" ಎಂದು ಅದಕ್ಕೇ ಬೆಲ್ಲ ತಿನ್ನಿಸಿದನಂತೆ.

ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ಸೈನ್ಯದ ಸಾಮಾನು ಎಳೆಯಲು ಎತ್ತು ಬೇಕೆಂದು ಕೊಳ್ಳುವವರು ಊರೂರು ತಿರುಗುತ್ತ ಹಟ್ಟಿಗೂ ಬಂದರು. ಮೈಲ ಮತ್ತು ಕೆಂದನ ಬೆನ್ನು ಸವರಿ, ಬಾಯಿ ನೋಡಿ, ಇವೇ ಬೇಕು ಎಂದರು. ಒಲ್ಲೆ ಎನ್ನುವ ಧೈರ್ಯ ಯಜಮಾನ ದೊಡ್ಡೀರಪ್ಪನಿಗೂ ಇರಲಿಲ್ಲ. ಎತ್ತಿನ ಜೊತೆ ಹೊಡೆಯುವ ಆಳೂ ಬರಬಹುದು ಎಂದಾಗ ಕ್ಯಾತಣ್ಣ ಒಳಗೆ ಹೋಗಿ ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದ. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

"ಯಾವ ದೇಶಕ್ಕೋ ಹೋಗ್ತೀಯಲ್ಲೋ, ಈ ಹುಡುಗಿ ಗತಿ ಏನು?" ಎಂದು ಬೋರಕ್ಕ ಅತ್ತಳು.

"ಇವಳಿಗೆ ನೀನಿದ್ದೀಯವ್ವ. ಅವಕ್ಕೆ ಯಾರವ್ರೆ?" ಎಂದ ಕ್ಯಾತಣ್ಣ.

ನನ್ನವ್ವ ಬಾಗಿಲ ಹಿಂದೆ ನಿಂತು ಈ ಮಾತು ಕೇಳಿಸಿಕೊಂಡಳು. ಎತ್ತಿಗಿಂತ ತಾನು ಕಡೆಯಾದೆನಲ್ಲ ಎಂಬ ಸಂಕಟ ಅವಳಿಗೆ ಸಾಯುವವರೆಗೂ ಹೋಗಲಿಲ್ಲ. ನನ್ನೆದುರೇ ಎಷ್ಟೋ ಸಲ ಹೇಳಿಕೊಂಡಿದ್ದಾಳೆ. ನಾನಾಗಿದ್ದರೆ ಬಾರುಕೋಲು ಕಿತ್ತುಕೊಂಡು ನಾಲ್ಕು ಬಾರಿಸಿ ಕಳಿಸುತ್ತಿದ್ದೆ. ಅವ್ವ ಬುತ್ತಿ ಕಟ್ಟಿಕೊಟ್ಟಳು.

ಎರಡನೇ ವರ್ಷದ ಆಷಾಢದಲ್ಲಿ ಹಟ್ಟಿಯ ನಾಯಿಗೆ ಏನೋ ಆಯಿತು. ಅದು ಕ್ಯಾತಣ್ಣ ಸಾಕಿದ ಕರಿನಾಯಿ, ಅವನು ಹೋದ ಮೇಲೆ ಮಂಕಾಗಿ ಬಿದ್ದಿರುತ್ತಿತ್ತು. ಒಂದು ಬೆಳಿಗ್ಗೆ ಎದ್ದು ಮುಳ್ಳುಬೇಲಿಯ ಹತ್ತಿರ ಓಡಿ, ಯಾರೂ ಇಲ್ಲದ ಕಡೆ ಬಾಲ ಆಡಿಸತೊಡಗಿತು. ಕುಂಯ್ ಎಂದು ನೆಲಕ್ಕೆ ಹೊಟ್ಟೆ ಹಚ್ಚಿ ಹೊರಳಿತು. ಆಮೇಲೆ ಕೂತು ಕತ್ತು ಮೇಲೆತ್ತಿ, ಯಾರೋ ಕಿವಿಯ ಹಿಂದೆ ಕೆರೆಯುತ್ತಿದ್ದಾರೆ ಎಂಬಂತೆ ಕಣ್ಣು ಮುಚ್ಚಿತು. ಅವ್ವ ಸಗಣಿ ಬುಟ್ಟಿ ಹಿಡಿದವಳು ನಿಂತು ನೋಡಿದಳಂತೆ. ನಾಯಿಗೆ ಹುಚ್ಚು ಹಿಡಿಯಿತು ಎಂದು ಬೋರಕ್ಕ ಕಲ್ಲೆಸೆದಳು. ಅದು ಕದಲಲಿಲ್ಲ.

ದಸರೆಯ ಹೊತ್ತಿಗೆ ಮೊಳಕಾಲ್ಮುರಿನ ಕಚೇರಿಯಿಂದ ಜವಾನನೊಬ್ಬ ಬಂದು ಹೇಳಿದ: ಕ್ಯಾತಣ್ಣ ಬಸರಾ ಎಂಬ ಊರಿನಲ್ಲಿ, ಆಷಾಢದ ಬಿಸಿಲಲ್ಲಿ, ಜ್ವರ ಬಂದು ಸತ್ತಿದ್ದಾನೆ. ಅದು ತುರುಕರ ದೇಶವಾಗಿತ್ತು, ಈಗ ಇಂಗ್ಲಿಷರು ಗೆದ್ದಿದ್ದಾರೆ, ಅಲ್ಲೇ ಮಣ್ಣು ಮಾಡಿದ್ದಾರೆ. ಇಷ್ಟು ಹೇಳಿ, ಮಜ್ಜಿಗೆ ಕುಡಿದು ಹೋದ.

ಅತ್ತದ್ದೆಲ್ಲ ಆದ ಮೇಲೆ ಜಗಳ ಶುರುವಾಯಿತು. ಆ ಹಟ್ಟಿಯ ಕೆಲವು ಮನೆಗಳಲ್ಲಿ ಒಂದು ಪದ್ಧತಿ. ಸತ್ತವನನ್ನು ಮನೆಗೆ ಕರೆದುಕೊಳ್ಳಲು, ಅವನು ಮಲಗುತ್ತಿದ್ದ ಜಾಗದಲ್ಲಿ ಜರಡಿ ಹಿಡಿದ ಬೂದಿಯನ್ನು ತೆಳ್ಳಗೆ ಹರಡಿ, ಹೆಸರು ಹಿಡಿದು ಕರೆದು, ಮೇಲೆ ದೊಡ್ಡ ಹೆಡಿಗೆ ಬುಟ್ಟಿ ಕವುಚುತ್ತಾರೆ. ಮುಸ್ಸಂಜೆ ಕವುಚಿದ್ದನ್ನು ಬೆಳಗಾದ ಮೇಲೆ ಯಜಮಾನ ಎತ್ತುತ್ತಾನೆ. ಬೂದಿಯಲ್ಲಿ ಹಕ್ಕಿಯದೋ ಇರುವೆಯದೋ ಮನುಷ್ಯನದೋ ಹೆಜ್ಜೆ ಮೂಡಿದ್ದರೆ ಸತ್ತವನು ಬಂದ, ಮನೆಯ ದೇವರಾದ, ಅವನ ಹೆಂಡತಿ ಋಣ ಹರಿದುಕೊಂಡಳು. ಕರೆಯುವವರೆಗೆ ಅವನು ಹೊಸ್ತಿಲು ದಾಟುವಂತಿಲ್ಲ. ಕರೆಯುವುದು ಒಂದೇ ಸಲ. ಬೂದಿ ಬರಿದಾಗಿದ್ದರೆ ಅವನು ಎಂದೆಂದಿಗೂ ಹೊರಗೆ, ಅವಳು ಎಂದೆಂದಿಗೂ ಒಳಗೆ. ಬೇರೆ ಸೀರೆ ಉಡುವಂತಿಲ್ಲ.

ಸುದ್ದಿ ಬಂದ ಒಂಬತ್ತನೇ ದಿನ ಬೂದಿ ಹರಡೋಣ ಎಂದ ದೊಡ್ಡೀರಪ್ಪ. ಬೋರಕ್ಕ ಸೊಂಟಕ್ಕೆ ಕೈ ಕೊಟ್ಟಳು.

"ಸತ್ತಿರೋದು ಮನೇಲಾ? ಹೊಲದಾಗಾ? ಯಾವುದೋ ದೇಶದಾಗೆ. ಅವನು ಇನ್ನೂ ಬಂದೇ ಇರದಿದ್ರೆ? ಕರೆಯೋದು ಒಂದೇ ಸಲ ಅಲ್ವಾ ಯಜಮಾನ? ಬಸರಾ ಎಷ್ಟು ದೂರ ಐತೆ ಹೇಳು, ಆಮ್ಯಾಕೆ ಬೂದಿ ಹರಡು."

ಯಜಮಾನನಿಗೆ ಗೊತ್ತಿರಲಿಲ್ಲ. ಬಳ್ಳಾರಿ ಎಷ್ಟು ದೂರ ಎಂದು ಕೇಳಿದ್ದರೆ ಹೇಳುತ್ತಿದ್ದ. ಹಟ್ಟಿಯ ಸಾವುಗಳೆಲ್ಲ ಕೂಗಳತೆಯಲ್ಲಿ ನಡೆಯುತ್ತಿದ್ದವು, ಸತ್ತವನು ಮನೆಗೆ ಬರಲು ಎಷ್ಟು ಹೊತ್ತು ಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಹೀಗೆ ನಮ್ಮ ಬೋರಕ್ಕಜ್ಜಿ, ಚಳ್ಳಕೆರೆ ಸಂತೆಗಿಂತ ಆಚೆ ಕಾಲಿಡದವಳು, ಒಂದು ದೇಶದ ಊರಿನಿಂದ ಇನ್ನೊಂದು ದೇಶದ ಊರಿಗೆ ಇರುವ ದೂರ ಹುಡುಕಲು ಹೊರಟಳು.

ಸೊಸೆಯನ್ನು ಕರೆದುಕೊಂಡು ಮೊದಲು ಮೊಳಕಾಲ್ಮುರಿಗೆ ಹೋದಳು. ಅಲ್ಲಿ ಶಿವಮೂರ್ತಪ್ಪ ಮೇಷ್ಟ್ರ ಹತ್ತಿರ ಭೂಪಟವಿತ್ತು. ಒಳ್ಳೆಯ ಮನುಷ್ಯ. ಶಾಲೆಯ ಜಗಲಿಯ ಮೇಲೆ ಭೂಪಟ ಹಾಸಿ, ಅತ್ತೆ ಸೊಸೆಯನ್ನು ಕೂರಿಸಿ, ಬಸರಾದ ಮೇಲೊಂದು ಕಡ್ಡಿ, ಮೊಳಕಾಲ್ಮುರು ಇರಬೇಕಾದ ಕಡೆ ಒಂದು ಕಡ್ಡಿ ಇಟ್ಟು ಮಧ್ಯೆ ರೇಷ್ಮೆ ದಾರ ಎಳೆದು ಹಿಡಿದರು.

"ಇಲ್ನೋಡ್ರಿ ಬೋರಕ್ಕ. ಹಕ್ಕಿ ಹಾರಿದಂಗೆ ನೆಟ್ಟಗೆ ಬಂದ್ರೆ ಎರಡು ಸಾವಿರ ಮೈಲಿ ಮೇಲಾಗುತ್ತೆ. ನಿಮ್ಮ ಲೆಕ್ಕದಾಗೆ ಏಳ್ನೂರು ಹರದಾರಿ ಅನ್ರಿ."

ಬೋರಕ್ಕ ದಾರವನ್ನು ನೋಡಿದಳು. ದಾರದ ಕೆಳಗೆಲ್ಲ ನೀಲಿ.

"ಇದೇನು ಮೇಷ್ಟ್ರೆ?"

"ಸಮುದ್ರ."

"ಎತ್ತು ಸಮುದ್ರದ ಮ್ಯಾಲೆ ನಡೀತಾವಾ?"

ಮೇಷ್ಟ್ರು ಎತ್ತಿನ ಮಾತು ಎಲ್ಲಿಂದ ಬಂತು ಎಂದು ತಿಳಿಯದೆ ಅವಳ ಮುಖ ನೋಡಿದರು. ಸತ್ತವರು ಹಾರಿ ಬರಬಹುದಲ್ಲ ಎಂದು ಮೆಲ್ಲಗೆ ಹೇಳಿದರು. ಬೋರಕ್ಕ ಅದಕ್ಕೆ ಒಪ್ಪಲಿಲ್ಲ. ನೆಲದ ಮೇಲಿನ ದಾರಿ ತೋರಿಸಿ ಎಂದಳು. ಮೇಷ್ಟ್ರು ದಾರವನ್ನು ಸಮುದ್ರದ ಅಂಚಿಗೆ ಬಳಸಿ, ಪರ್ಷಿಯಾ ಕಳೆದು, ಕರಾಚಿ ಕಳೆದು, ಬೊಂಬಾಯಿ ಕಳೆದು ಇಳಿಸಿದರು. ಒಂಬೈನೂರು ಹರದಾರಿ ಆಯಿತು.

ಆಮೇಲೆ ಚಳ್ಳಕೆರೆ. ಕಂಬಳಿ ಸಂತೆಯ ದಿನ ಅಲ್ಲಿ ಚಿತ್ತಪ್ಪ ಎಂಬವನು ಸಿಕ್ಕಿದ. ಅವನೂ ಎತ್ತು ಹೊಡೆಯಲು ಬಸರಾಕ್ಕೆ ಹೋಗಿ ಕಾಯಿಲೆ ಬಿದ್ದು ವಾಪಸಾದವನು. ಸುಡುವ ಬಿಸಿಲಿನಲ್ಲೂ ಸೈನ್ಯದ ಕೋಟು ಬಿಚ್ಚದೆ ಕಥೆ ಹೇಳಿಕೊಂಡು ಕೂತಿರುತ್ತಿದ್ದ. ಕ್ಯಾತಣ್ಣನ ತಾಯಿ ಎಂದು ತಿಳಿದಾಗ ಮಾತ್ರ ಅವನ ಮಾತು ಸಣ್ಣಗಾಯಿತು.

"ಮೊದ್ಲು ಎತ್ತು ಹೋದ್ವು ಕಣವ್ವ. ನೀರಿಲ್ಲ, ನೆರಳಿಲ್ಲ. ದೊಡ್ಡದು ಬಿತ್ತು, ಅದರ ಮಗ್ಗುಲಿಗೇ ಸಣ್ಣದು ಮಲಗ್ತು. ಆಮ್ಯಾಲೆ ಇವನು ಅನ್ನ ಬಿಟ್ಟ. ಜ್ವರ ಅಂತಾರೆ. ಜ್ವರ ಬಂದಿದ್ದು ಕಡೀಗೆ."

ಬೋರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ಹಂಗಾರೆ ಮೂವರೂ ಒಟ್ಟಿಗೇ ಹೊಂಟವ್ರೆ" ಎಂದಳು.

ಈಗ ನನ್ನವ್ವ, "ಅಲ್ಲಿಂದ ಇಲ್ಲಿಗೆ ಬೇಗ ಬರೋ ದಾರಿ ಯಾವುದೂ ಇಲ್ವಾ ಅಣ್ಣಾ?" ಎಂದು ಕೇಳಿದಳು. ಚಿತ್ತಪ್ಪ ಬೆರಳು ಮೇಲೆತ್ತಿ ತೋರಿಸಿದ. ಗಾಳಿಯಲ್ಲಿ ಹೋಗುವ ಬಂಡಿಯನ್ನು ತಾನು ಕಣ್ಣಾರೆ ಕಂಡಿದ್ದೇನೆ, ಬಟ್ಟೆ ಬಿಗಿದ ರೆಕ್ಕೆ, ಜೇನುಗೂಡಿನಂಥ ಸದ್ದು, ಒಳಗೆ ಇಬ್ಬರು ದೊರೆಗಳು ಕೂತಿರುತ್ತಾರೆ ಎಂದ. ಅದು ಎಲ್ಲೂ ಇಳಿಯದೆ ಹಾರಿದರೆ ಬಸರಾದಿಂದ ನಮ್ಮ ಸೀಮೆಗೆ ಒಂದು ಹಗಲು ಒಂದು ರಾತ್ರಿ, ಬಹಳ ಅಂದರೆ ಇನ್ನರ್ಧ ದಿನ ಎಂದು ಅಲ್ಲಿನ ಯಾರೋ ಲೆಕ್ಕ ಹಾಕಿ ಹೇಳಿದ್ದರಂತೆ. ಸುತ್ತ ಕೂತವರು ನಕ್ಕರು. ಅವ್ವ ನಗಲಿಲ್ಲ. ಒಂದು ಹಗಲು ಒಂದು ರಾತ್ರಿ ಎಂಬ ಮಾತು ಅವಳ ಎದೆಗೆ ನಾಟಿತು.

ಗಾಡಿಯಲ್ಲಿ ಹಿಂದಿರುಗುವಾಗ ಅವ್ವ ಕೇಳಿದಳು: "ಅತ್ತೆ, ಜೀವ ಗಾಳಿ ಅಲ್ವಾ? ಗಾಳೀಲಿ ಬಂದಿದ್ರೆ ಆಷಾಢದಾಗೇ ಬಂದಿರ್ತಿದ್ರು. ನಾಯಿ ಬಾಲ ಆಡಿಸಿದ್ದು ಆಗಲೇ ಅಲ್ವಾ?"

"ಎತ್ತು ಬಿಟ್ಟು ಒಂದು ಹೆಜ್ಜೆ ಇಟ್ಟೋನಲ್ಲ ಅವನು. ಇದ್ದಾಗ ನಿನ್ನ ಬಿಟ್ಟು ಅವುಗಳ ಹಿಂದೆ ಹೋದ, ಸತ್ತ ಮ್ಯಾಲೆ ಅವನ್ನ ಬಿಟ್ಟು ನಿನ್ನ ಹತ್ರ ಹಾರಿ ಬರ್ತಾನಾ? ಎತ್ತಿನ ನಡಿಗೇಲೇ ಬರ್ತಾನೆ. ಸುಮ್ನಿರು."

ಅವ್ವ ಸೆರಗು ತಲೆಗೆ ಎಳೆದುಕೊಂಡಳು.

ಬೋರಕ್ಕನ ಲೆಕ್ಕ ಹೀಗೆ. ಎತ್ತು ದಿನಕ್ಕೆ ನಾಲ್ಕು ಹರದಾರಿ ನಡೆದಾವು. ಮಳೆ ಬಂದರೆ ಕ್ಯಾತಣ್ಣ ನಿಲ್ಲಿಸುತ್ತಾನೆ, ಹುಲ್ಲು ಕಂಡರೆ ಬಿಚ್ಚಿ ಮೇಯಿಸುತ್ತಾನೆ, ಕೆಂದನಿಗೆ ಗೊರಸು ಸವೆದರೆ ಕೂರುತ್ತಾನೆ. ಎಲ್ಲ ಸೇರಿ ಯುಗಾದಿ ಕಳೆಯಬೇಕು. ದೊಡ್ಡೀರಪ್ಪ ತಲೆ ಕೆರೆದುಕೊಂಡು ಒಪ್ಪಿದ. ಹೆತ್ತ ತಾಯಿ ಒಬ್ಬಳು ಇಷ್ಟು ದೂರ ಲೆಕ್ಕ ಹಾಕಿಕೊಂಡು ಬಂದಾಗ ಯಾರು ತಾನೇ ಇಲ್ಲ ಎಂದಾರು?

ಆ ಚಳಿಗಾಲದ ಕಥೆಯನ್ನು ಅವ್ವ ನನಗೆ ಹೇಳುವಾಗ ದನಿ ತಗ್ಗಿಸುತ್ತಿದ್ದಳು. ನಾಯಿ ದಿನವೂ ಬೇಲಿಯ ಹತ್ತಿರ ಕೂರುತ್ತಿತ್ತು. ಅಲ್ಲೊಂದು ಚಪ್ಪಟೆ ಬಂಡೆ ಇತ್ತು, ಕ್ಯಾತಣ್ಣ ಹೊಗೆಸೊಪ್ಪು ತಿಕ್ಕುತ್ತ ಕೂರುತ್ತಿದ್ದ ಬಂಡೆ. ಹಿಂಗಾರು ಮಳೆ ಹೊಯ್ಯುವಾಗ ಬಂಡೆಯೆಲ್ಲ ತೊಯ್ದು ಕರ್ರಗಾಗಿದ್ದರೂ ನಡುವೆ ಒಬ್ಬ ಮನುಷ್ಯ ಕೂರುವಷ್ಟು ಜಾಗ ಒಣಗಿಯೇ ಇತ್ತು. ಅವ್ವ ಅತ್ತೆಯನ್ನು ಕರೆದು ತೋರಿಸಿದಳು. ಬಂಡೆಯಲ್ಲಿ ಬಿಸಿ ಉಳಿದಿರುತ್ತದೆ, ಅದು ನೀರು ಹೀರುತ್ತದೆ ಎಂದಳು ಬೋರಕ್ಕ. ಇನ್ನೊಮ್ಮೆ ಹಿಟ್ಟು ಬೀಸುವಾಗ ಗೋಡೆಯ ಆಚೆ ಯಾರೋ ಗಂಟಲು ಸರಿಮಾಡಿಕೊಂಡರು. ನಡೆದರು. ಒಂದು ಹೆಜ್ಜೆ ನೆಟ್ಟಗೆ, ಒಂದು ಹೆಜ್ಜೆ ಎಳೆತ. ಅವ್ವ ಬೀಸುಕಲ್ಲಿನ ಗೂಟ ಬಿಟ್ಟು ಎದ್ದಳು.

"ಅತ್ತೆ, ಅವರೇ."

"ಗಂಟೆ ಕೇಳಿಸ್ತಾ?"

"ಇಲ್ಲ."

"ಎತ್ತಿನ ಕೊರಳ ಗಂಟೆ ಕೇಳಿಸ್ಲಿಲ್ಲ ಅಂದ್ರೆ ಅವನಲ್ಲ. ಯಾರೋ ದಾರಿಹೋಕ. ಕೂತು ಬೀಸು."

ಅವ್ವ ಕೂತು ಬೀಸಿದಳು. ಸದ್ದು ಬಾಗಿಲವರೆಗೆ ಬಂದು ನಿಂತಿತು. ಹೊಗೆಸೊಪ್ಪಿನ ವಾಸನೆ ಬಂತು. ಕರೆಯದೆ ಒಳಗೆ ಬರುವಂತಿಲ್ಲವಲ್ಲ. ಇಂಥ ದಿನಗಳು ಎಷ್ಟೋ ಬಂದವು. ಪ್ರತಿ ಸಲ ಬೋರಕ್ಕ ಗಂಟೆಯನ್ನೇ ಕೇಳುತ್ತಿದ್ದಳು, ಪ್ರತಿ ಸಲ ಅವ್ವ ಇಲ್ಲ ಎನ್ನುತ್ತಿದ್ದಳು.

ಈ ನಡುವೆ ನನ್ನಪ್ಪ ಸೂರಪ್ಪ ಹಟ್ಟಿಗೆ ಎಣ್ಣೆ ಮಾರಲು ಬರುತ್ತಿದ್ದವನು ಹೊನ್ನಕ್ಕನನ್ನು ಕಂಡು ಮನಸ್ಸು ಮಾಡಿದ್ದ. ಕೂಸು ಹುಟ್ಟುವ ಮೊದಲೇ ಕುಲಾವಿ ಎಂಬಂತೆ ಸೀರೆ ಬೇರೆ ತಂದಿಟ್ಟಿದ್ದ. ಒಳ್ಳೆಯವನೇ, ಆದರೆ ಅವನ ಮನೆಯವರು ಕಾಯುವವರಲ್ಲ. ಯುಗಾದಿ ಕಳೆದು ಹೆಜ್ಜೆ ಮೂಡದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ಅವ್ವನಿಗಾಗ ಹತ್ತೊಂಬತ್ತು ವರ್ಷ. ಬೂದಿ ಬರಿದಾಗಿ ಉಳಿದರೆ ಅವಳ ಮುಂದಿನ ಬಾಳೆಲ್ಲ ಆ ಗುಡಿಸಲು, ಆ ಬಂಡೆ, ಗೋಡೆಯಾಚೆಯ ಆ ಎಳೆಯುವ ಕಾಲು.

ಯುಗಾದಿ ಕಳೆದ ಮೇಲೆ ಒಂದು ಸಂಜೆ ಬೋರಕ್ಕ ತಾನೇ ಕುಳ್ಳು ಸುಟ್ಟು, ಬೂದಿ ಜರಡಿ ಹಿಡಿದು, ಮಗ ಮಲಗುತ್ತಿದ್ದ ಮೂಲೆಯಲ್ಲಿ ಹರಡಿದಳು. ಬಾಗಿಲು ತೆರೆದಿಟ್ಟು, ಹೊರಗೆ ನೋಡಿ ಕರೆದಳು. ಮಗನ ಹೆಸರು ಹಿಡಿದು ಒಮ್ಮೆ. ಆಮೇಲೆ ದನ ಕರೆಯುವ ದನಿಯಲ್ಲಿ, "ರಾ ನಾಯ್ನಾ, ರಾ." ಹಟ್ಟಿಯ ಹೆಂಗಸರೆಲ್ಲ ಅತ್ತರು. ಹೆಡಿಗೆ ಕವುಚಿ ಬಾಗಿಲು ಮುಂದೆ ಮಾಡಿದರು. ಅತ್ತೆ ಸೊಸೆ ಇಬ್ಬರೂ ಹೊಸ್ತಿಲ ಹೊರಗೆ ಕಂಬಳಿ ಹಾಸಿ ಬಾಗಿಲು ಕಾದರು. ಬೆಳಗಿನ ಜಾವ ಅವ್ವ ದೀಪಕ್ಕೆ ಎಣ್ಣೆ ಹಾಕಲು ಒಮ್ಮೆ ಒಳಗೆ ಹೋಗಿಬಂದಳು. ಬೇರೆ ಯಾರೂ ಆ ಹೊಸ್ತಿಲು ದಾಟಲಿಲ್ಲ.

ಬಿಸಿಲು ಬಿದ್ದ ಮೇಲೆ ದೊಡ್ಡೀರಪ್ಪ ಬಂದು ಹೆಡಿಗೆ ಎತ್ತಿದ. ಎತ್ತಿದವನು ಅದನ್ನು ಕೆಳಗಿಡುವುದನ್ನೇ ಮರೆತ.

ಬೂದಿಯಲ್ಲಿ ಮೂರು ಗುರುತು. ಒಂದು ಎತ್ತಿನ ಗೊರಸು. ಅದರ ಪಕ್ಕ ಅದಕ್ಕಿಂತ ಸಣ್ಣ ಇನ್ನೊಂದು ಗೊರಸು. ಅವೆರಡರ ಹಿಂದೆ ಒಬ್ಬ ಗಂಡಸಿನ ಬಲಪಾದ, ಕಿರುಬೆರಳಿಲ್ಲದ್ದು.

"ಜೋಡೆತ್ತು ಹೊಡಕೊಂಡು ಬಂದವ್ನೆ!" ಎಂದು ದೊಡ್ಡೀರಪ್ಪ ನೆಲಕ್ಕೆ ಬಿದ್ದು ಕೈ ಮುಗಿದ. ಹಟ್ಟಿಗೆ ಹಟ್ಟಿಯೇ ಬಂದು ನೋಡಿತು. ಗೊರಸುಗಳು ಎಳೆಗರುವಿನವಷ್ಟು ಚಿಕ್ಕವಾಗಿದ್ದವು. ಸತ್ತ ಮೇಲೆ ದನ ಹಗುರಾಗುತ್ತವೆ ಎಂದು ಯಾರೋ ಹಿರಿಯರು ವಿವರಿಸಿದರು. ಪಾದ ಮಾತ್ರ ಪೂರ್ತಿ ಗಂಡಸಿನ ಅಳತೆಯದು, ಹಿಮ್ಮಡಿಯ ಬಿರುಕು ಸಹ ಕಾಣುತ್ತಿತ್ತು. ಎತ್ತು ಹಗುರಾಗಿ ಮನುಷ್ಯ ಯಾಕೆ ಹಗುರಾಗಲಿಲ್ಲ ಎಂದು ಕೇಳುವ ಬುದ್ಧಿ ಯಾರಿಗೂ ಬರಲಿಲ್ಲ. ಅಂದಿನಿಂದ ನಾಯಿ ಬೇಲಿಯ ಕಡೆ ಹೋಗಲಿಲ್ಲ. ಮನೆಯ ಒಳಗೆ, ಆ ಮೂಲೆಯಲ್ಲಿ ಮಲಗಲು ಶುರುಮಾಡಿತು. ಅವ್ವ ಸೀರುಡಿಕೆಯಾಗಿ ತಳಕಿಗೆ ಬಂದಳು. ಹೋಗುವಾಗ ಬೋರಕ್ಕ ಅವಳ ಮಡಿಲಿಗೆ ಅಕ್ಕಿ ಹಾಕಿ, "ಹೋಗವ್ವ ಹೊನ್ನಿ, ಅವನೇ ಬಂದು ನಿನ್ನ ಬಿಟ್ಟುಕೊಟ್ಟ" ಎಂದಳಂತೆ.

ಇದು ಹಟ್ಟಿಗೆಲ್ಲ ಗೊತ್ತಿರುವ ಕಥೆ. ಇನ್ನು ಹೇಳುವುದು ನನಗೊಬ್ಬಳಿಗೇ ಗೊತ್ತು.

ನನಗೆ ಮದುವೆ ಗೊತ್ತಾದ ವರ್ಷ ಬೋರಕ್ಕಜ್ಜಿಯನ್ನು ನೋಡಲು ಹೋಗಿದ್ದೆ. ಕಣ್ಣು ಮಂಜಾಗಿತ್ತು, ಬಾನಿಗೆ ನೀರು ತುಂಬುವುದನ್ನು ಮಾತ್ರ ಬಿಟ್ಟಿರಲಿಲ್ಲ. ನಾನು ಕೊಡ ಕಿತ್ತುಕೊಂಡು, "ಈಗಲಾದರೂ ಹೇಳಜ್ಜಿ, ಈ ನೀರು ಯಾರಿಗೆ?" ಎಂದೆ.

"ಮೈಲನಿಗೆ" ಎಂದಳು. ಆಮೇಲೆ ಕೈ ಹಿಡಿದು ಹತ್ತಿರ ಎಳೆದುಕೊಂಡಳು. "ಯಾರಿಗೂ ಹೇಳಬ್ಯಾಡ ಕಣೇ. ಅವತ್ತು ಬೂದಿ ಹರಡಿ ಹೆಡಿಗೆ ಕವುಚೋವಾಗ ಎಲ್ಲರೂ ಅಳ್ತಿದ್ರು, ನನ್ನ ಕೈ ಯಾರೂ ನೋಡ್ತಿರ್ಲಿಲ್ಲ. ಎರಡು ಹೆಬ್ಬೆರಳು ಜೋಡಿಸಿ ಒಂದು ಗೊರಸು ಒತ್ತಿಬಿಟ್ಟೆ. ಅವನು ಇನ್ನೂ ದಾರೀಲೇ ಇದ್ರೆ ನಿಮ್ಮವ್ವನ ಬಾಳು ಹಾಳಾಗ್ತದಲ್ಲ ಅಂತ. ಮಗನ ಪಾದ ಒತ್ತೋಕೆ ಕೈ ಬರ್ಲಿಲ್ಲ. ಬೆಳಿಗ್ಗೆ ನೋಡಿದ್ರೆ ಪಾದ ಐತೆ, ಇನ್ನೊಂದು ಗೊರಸೂ ಐತೆ! ಸಣ್ಣದು, ಕೆಂದನದು. ದೊಡ್ಡದು ನಾನು ಒತ್ತಿದ್ದು. ಅಂದ್ರೆ ಮೈಲ ಬರ್ಲಿಲ್ಲ. ದಾರೀಲಿ ಎಲ್ಲೋ ಬಿದ್ದುಹೋಗೈತೆ. ಬಂದ್ರೆ ಬಾಯಾರಿಕೊಂಡು ಬರ್ತದೆ, ಅದಕ್ಕೆ ನೀರು."

ಇಷ್ಟು ವರ್ಷ ಅವಳು ಒಂದು ಎತ್ತಿಗಾಗಿ ಕೊರಗಿದ್ದಳು. ಮಗ ಬಂದ ಸಮಾಧಾನದಷ್ಟೇ ಆ ಕೊರಗೂ ಗಟ್ಟಿಯಾಗಿತ್ತು. ನಾನು ಕೊಡ ವಾಪಸು ಕೊಟ್ಟೆ. ಮರುವರ್ಷ ಅವಳು ತೀರಿಕೊಂಡಳು.

ಅವ್ವ ಬಾಯಿ ಬಿಟ್ಟದ್ದು ಅದಾಗಿ ಎಷ್ಟೋ ವರ್ಷಕ್ಕೆ, ತನ್ನ ಕಡೆಯ ಕಾಯಿಲೆಯಲ್ಲಿ. ಮಲಗಿದಲ್ಲಿಂದಲೇ ಹಿತ್ತಲ ಬಾಗಿಲ ಕಡೆ ಕೈ ಮಾಡಿ, "ಸೊಪ್ಪೆ ಇಟ್ಯಾ? ಕೆಂದನಿಗೆ" ಎಂದಳು. ಕೆಂದ ಬಂದಿದ್ದನಲ್ಲವ್ವ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ.

"ಇಲ್ಲ ಕಣೇ" ಎಂದಳು ತಾನಾಗಿಯೇ. "ಎಣ್ಣೆ ಹಾಕೋಕೆ ಹೋದಾಗ ಹೆಡಿಗೆ ಸಂದೀಲಿ ಕೈ ತೂರಿಸಿ ಎರಡು ಬೆರಳು ಒತ್ತಿದ್ದೆ. ಒಳಗೆ ನೋಡ್ಲಿಲ್ಲ, ನೋಡೋ ಧೈರ್ಯ ಇರ್ಲಿಲ್ಲ. ಬೂದಿ ಬರಿದಾಗಿದ್ರೆ ಅತ್ತೆ ಎದೆ ಒಡೆದು ಸಾಯ್ತಿದ್ಲು. ನನಗೋಸ್ಕರಾನೂ ಒತ್ತಿದೆ, ಸುಳ್ಳ್ಯಾಕೆ. ಗೊರಸು ಅಂದ್ರೆ ಮಾತ್ರ ಅತ್ತೆ ನಂಬೋದು. ಸಣ್ಣ ಗೊರಸು ನಾನು ಮಾಡಿದ್ದು. ದೊಡ್ಡದು, ಮೈಲ, ಅವನ ಜೊತೆ ಬಂದಿತ್ತು. ಪಾಪ, ಕೆಂ‍ದ ದಾರೀಲಿ ಉಳಿದುಬಿಡ್ತು."

ನಾನು ಅವಳ ಹಣೆ ಒರೆಸುತ್ತ ಕೂತೆ. ಶಾಲೆಯಲ್ಲಿ ಮಕ್ಕಳಿಗೆ ಕಳೆಯುವ ಲೆಕ್ಕ ಹೇಳಿಕೊಟ್ಟೇ ತಲೆಗೂದಲು ಬೆಳ್ಳಗಾದವಳು ನಾನು. ಮೂರರಲ್ಲಿ ಅಜ್ಜಿಯದೊಂದು ಹೋಯಿತು, ಅವ್ವನದೊಂದು ಹೋಯಿತು. ಎತ್ತು ಎರಡೂ ಇಲ್ಲ. ಉಳಿದದ್ದು ಆ ಪಾದ ಒಂದೇ. ಹೆಡಿಗೆಯ ಸಂದಿಯಲ್ಲಿ ಕೈ ತೂರಬಹುದು, ಅಷ್ಟು ದೊಡ್ಡ ಪಾದ ತೂರದು.

ಎತ್ತು ಬಿಟ್ಟು ಒಂದು ಹೆಜ್ಜೆ ಇಡದವನು ಎತ್ತು ಬಿಟ್ಟು ಒಬ್ಬನೇ ಬಂದಿದ್ದ. ನನ್ನನ್ನು ಅಲ್ಲಾಡಿಸಿದ್ದು ಅದಲ್ಲ, ಅದರ ಹಿಂದೆ ಬಂದ ಇನ್ನೊಂದು ಲೆಕ್ಕ. ಎತ್ತುಗಳಿಲ್ಲದವನಿಗೆ ಪರ್ಷಿಯಾ, ಕರಾಚಿ ಯಾಕೆ? ಒಂಬೈನೂರು ಹರದಾರಿ ಯಾಕೆ? ಮೇಷ್ಟ್ರ ದಾರದ ಹಾಗೆ ಸಮುದ್ರದ ಮೇಲೆ ನೆಟ್ಟಗೆ, ಒಂದು ಹಗಲು ಒಂದು ರಾತ್ರಿ. ಆಷಾಢದಲ್ಲೇ ಅವನು ಬಂದಿದ್ದ. ನಾಯಿಗೆ ಗೊತ್ತಾಗಿತ್ತು. ನನ್ನವ್ವನಿಗೂ ಗೊತ್ತಾಗಿತ್ತು. ಗಂಟೆ ಕೇಳಿಸಲಿಲ್ಲವೆಂದು ತಾಯಿ ಬಾಗಿಲು ತೆಗೆಯದೆ, ಅವನು ಯುಗಾದಿ ಕಳೆಯುವವರೆಗೆ ಹೊರಗೆ ಆ ಬಂಡೆಯ ಮೇಲೆ ಕೂತಿದ್ದ.

ಅವ್ವ ನನ್ನ ಕೈ ಅದುಮಿ, "ಅವನು ಎತ್ತು ಬಿಟ್ಟು ಬರೋನಲ್ಲ, ಅಲ್ವಾ?" ಎಂದು ಕೇಳಿದಳು. ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡ ಮಾತಿನ ನೋವು ಆ ವಯಸ್ಸಿನಲ್ಲೂ ದನಿಯಲ್ಲಿತ್ತು.

ಅಜ್ಜಿ ಯಾರಿಗೂ ಹೇಳಬೇಡ ಎಂದಿದ್ದಳು. ಆ ಮಾತು ಮೀರಿದೆ. ಅವಳ ಎರಡು ಹೆಬ್ಬೆರಳಿನ ವಿಷಯ ಹೇಳಿದೆ. ಅವ್ವನ ತುಟಿ ಅಲುಗುತ್ತಿತ್ತು, ಲೆಕ್ಕ ಹಾಕುತ್ತಿದ್ದಳು ಎಂದು ಕಾಣುತ್ತದೆ.

"ಹಂಗಾರೆ ನನಗೋಸ್ಕರ ಒಬ್ನೇ ಬಂದಿದ್ನಾ" ಎಂದಳು. ಆಮೇಲೆ, "ಅಷ್ಟು ಮಳೇಲಿ ಹೊರಗೇ ಕೂರಿಸಿದ್ವಲ್ಲೇ" ಎಂದು ಗೋಡೆಯ ಕಡೆ ತಿರುಗಿ ಅತ್ತಳು.

ಆ ಸಂಜೆ ಸೊಪ್ಪೆ ಇಡಬೇಡ ಎಂದಳು. ಹಿತ್ತಲ ಬಾಗಿಲು ಮಾತ್ರ ತೆರೆದಿರಲಿ ಎಂದಳು.